ಏಳು ಮಡುಗಳ ಅಳಗುಳಿ ಮಣೆ

ನೀರಿಗೆ ನೆನಪು, ಮರಕ್ಕೆ ಮಾತು ಇದ್ದ ಕಾಲದಲ್ಲಿ ಏಳ್ಮಡು ಎಂಬ ರಾಜ್ಯವಿತ್ತು. ಕೆಲಸದ ನಡುವೆ ಅಡ್ಡ ಬರುವವರಿಗೆ ಆ ರಾಜ್ಯದಲ್ಲೂ ಏನೂ ಬರವಿರಲಿಲ್ಲ.

"ಒಂದು ಗುಳಿ ಕೊರೆಯೋಷ್ಟು ಹೊತ್ತೂ ನನ್ನನ್ನ ಬಿಡಬಾರದು ಅಂತ ಆಣೆ ಮಾಡಿದ್ದೀಯೇನೆ?" ಎಂದು ತಿರುಮಕ್ಕ ಉಳಿಯನ್ನು ನೆಲಕ್ಕೆ ಕುಕ್ಕಿದಳು. ಬೆಳಗಿನಿಂದ ಇದು ನಾಲ್ಕನೇ ಸಲ. ಒಮ್ಮೆ ಹಸಿವು, ಒಮ್ಮೆ ಬಿಚ್ಚಿಹೋದ ಜಡೆ, ಒಮ್ಮೆ ಇರುವೆ. ಈಗ ಮಗಳು ಚೆಲುವಿ ಕುಕ್ಕರಗಾಲಲ್ಲಿ ಕೂತು ಮಣೆಯ ಮೇಲೆ ಬೆರಳಾಡಿಸುತ್ತಿದ್ದಳು.

"ಅವ್ವ, ಗುಳಿ ಪೂರ್ತಿ ಬರಿದಾದರೆ ಆಮೇಲೆ ಅದು ತುಂಬೋದು ಹೇಗೆ?"

"ಬರಿದು ಮಾಡೋದರಲ್ಲೇ ಮಜಾ ಇರೋದು. ಎದ್ದು ಹೋಗು ಆಚೆ."

ಅಳಗುಳಿ ಮಣೆ ಮಾಡುವುದರಲ್ಲಿ ತಿರುಮಕ್ಕನದು ಎತ್ತಿದ ಕೈ. ಈ ಸಲದ್ದು ಅರಮನೆಯ ಮಣೆ. ದೊರೆ ಬೀರರಸನಿಗೆ ಆಟವಾಡುತ್ತಲೇ ರಾಜ್ಯ ಆಳುವುದನ್ನು ಕಲಿಯುವ ಆಸೆ ಹುಟ್ಟಿತ್ತು. ಅದಕ್ಕೆಂದೇ ಅವಳು ಎರಡು ಸಾಲಿನ ಬದಲು ಏಳೇ ಗುಳಿ ಕೊರೆದಿದ್ದಳು. ಗುಳಿ ಎಂದರೆ ನದಿಯ ಮಡು. ಅದರೊಳಗಿನ ಹುಣಸೆಬೀಜ ಎಂದರೆ ಮಡುವಿನ ನೀರು, ಮೀನು, ದಡದ ಮರ. ಹೆಚ್ಚು ಬೀಜ ಕೂಡಿಸಿಕೊಂಡವನು ಗೆದ್ದ. ಅಂಚಿನಲ್ಲಿ ಒಂದು ಕಟ್ಟಳೆಯನ್ನೂ ಕೆತ್ತಿದಳು: ಬರಿ ಗುಳಿಗೆ ಬಂದು ನಿಂತವನಿಗೆ ಮುಂದಿನ ಗುಳಿಯದೆಲ್ಲ ಸೇರತಕ್ಕದ್ದು. ಊರ ಹೆಂಗಸರು ಜಗಲಿಯಲ್ಲಿ ಆಡುವ ಕಟ್ಟಳೆಯೇ ಅದು. ಜಗಲಿಯಲ್ಲಿ ಖಾಲಿಯಾಗುವುದು ಬರೀ ಮರದ ಗುಳಿ ಎನ್ನುವುದು ಅವಳ ತಲೆಗೆ ಹೊಳೆಯಲಿಲ್ಲ. ಹೊಳೆದಿತ್ತೋ ಏನೋ, ಅವಳಂತೂ ಅದರ ಕಡೆ ತಿರುಗಿ ನೋಡಲಿಲ್ಲ.

ಅರಮನೆಯಲ್ಲಿ ಕರಿಗವಿ ಎಂಬ ಮಾಂತ್ರಿಕನಿದ್ದ. ಅವನು ಮಣೆಗೆ ಬೂದಿ ಬಳಿದು, ಮಣೆಯ ಮೇಲೆ ಆದದ್ದು ನದಿಯಲ್ಲೂ ಆಗಲಿ ಎಂದ. ಹಾಗೆಯೇ ಆಯಿತು. ದಿನವೂ ದೊರೆ ಮತ್ತು ಮಾಂತ್ರಿಕ ಎದುರುಬದುರು ಕೂತರು. ದೊರೆ ಗೆದ್ದದ್ದು ಅರಮನೆಯ ಉಗ್ರಾಣಕ್ಕೆ ಹೋಯಿತು, ಕರಿಗವಿ ಗೆದ್ದದ್ದು ಅವನ ಚೀಲಕ್ಕೆ ಹೋಯಿತು. ಒಂದು ಗುಳಿ ಬರಿದಾದರೆ ಒಂದು ಮಡು ಬತ್ತಿತು. ಬತ್ತಿದ ಮಡುವಿನ ಲೆಕ್ಕದಲ್ಲಿ ಅದರ ಪಕ್ಕದ್ದೂ ಹೋಯಿತು.

ಮೊದಲ ಮಡು ಬತ್ತಿದ ದಿನವೇ ತಿರುಮಕ್ಕ ದೊರೆ ಕೊಟ್ಟ ರೇಷ್ಮೆ ಸೀರೆ ಉಟ್ಟು ಸಂತೆಗೆ ಹೋಗಿದ್ದಳು. ಈ ಹಾಳು ಆಟ ಯಾರು ಹೂಡಿದ್ದು ಎಂದು ಬೆಸ್ತರ ಹೆಂಗಸರು ಕೇಳಿದರು. "ಇನ್ಯಾರು, ಆ ಮಾಂತ್ರಿಕ. ನಾನು ಬರೀ ಮರ ಕೆತ್ತಿದವಳು" ಎಂದಳು. ಸೆರಗು ಹಿಡಿದು ನಿಂತಿದ್ದ ಚೆಲುವಿ ತಲೆಯೆತ್ತಿ ಅವಳ ಮುಖ ನೋಡಿದಳು. ಆಮೇಲೆ ಆ ಸೀರೆ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ.

ಆರು ಮಡು ಬತ್ತಿದ ಮೇಲೆ ಒಂದು ನೀರುನಾಯಿ ಬಂದು ಅವಳ ಹೊಸ್ತಿಲ ಮೇಲೆ ಕೂತಿತು. ಅದರ ಮೈ ಒಣಗಿ ತುಪ್ಪಳವೆಲ್ಲ ಗಂಟುಗಂಟಾಗಿತ್ತು. "ಮಣೆಯಕ್ಕ," ಎಂದಿತು, "ನಿನ್ನ ಹಿತ್ತಲ ಮಡು ಒಂದೇ ಉಳಿದಿರೋದು. ಅಲ್ಲಿ ನನ್ನ ಮರಿಗಳಿವೆ. ನಿನ್ನ ಮಗಳು ಈಜೋದೂ ಅಲ್ಲೇ. ಕಟ್ಟಳೆ ಬದಲಿಸೋಕೆ ಮಣೆ ಮೂರು ಸಲ ಅವಕಾಶ ಕೊಡುತ್ತೆ, ನಾಲ್ಕನೇ ಸಲ ಇಲ್ಲ." ತಿರುಮಕ್ಕ ಅದಕ್ಕೆ ಒಂದು ಚೊಂಬು ನೀರು ಸುರಿದಳು. ಅದರ ಕಣ್ಣಿಗೆ ಕಣ್ಣು ಕೊಡಲು ಅವಳಿಂದ ಆಗಲಿಲ್ಲ.

ಉಳಿ ಹಿಡಿದು ಅರಮನೆಗೆ ಹೋದಳು. ಯಾರೂ ಏನನ್ನೂ ತೆಗೆಯಬಾರದು ಎಂದು ಮೊದಲ ಸಲ ಕೆತ್ತಿದಳು. ಮೂರು ದಿನ ಬೆಸ್ತರ ಬಲೆ ಗಳುವಿನ ಮೇಲೆಯೇ ಒಣಗಿತು, ಮಕ್ಕಳು ಹಸಿದು ಅತ್ತರು. ಬರೀ ನೋಡುತ್ತ ಕೂರಲು ಇದೇನು ಮದುವೆ ಮನೆಯೇ ಎಂದು ದೊರೆ ರೇಗಿದ. ಕೆತ್ತಿದ ಅಕ್ಷರ ಮಾಸಿತು. ಹಳೆಯ ಕಟ್ಟಳೆ ಎದ್ದು ನಿಂತಿತು.

ತೆಗೆದದ್ದನ್ನೆಲ್ಲ ಆಟ ಮುಗಿದಾಗ ಹಿಂದಕ್ಕೆ ಹಾಕಬೇಕು ಎಂದು ಎರಡನೇ ಸಲ ಕೆತ್ತಿದಳು. ದೊರೆ ತಾನು ತೆಗೆದದ್ದನ್ನು ಸಂಜೆ ಪ್ರಾಮಾಣಿಕವಾಗಿಯೇ ಹಿಂದಕ್ಕೆ ಹಾಕಿದ. ಆದರೆ ಇಡೀ ದಿನ ದಡದಲ್ಲಿ ಬಿದ್ದಿದ್ದ ಮೀನು ನೀರಿಗೆ ಹಾಕಿದರೆ ಈಜುತ್ತದೆಯೇ? ಎರಡನೇ ಅಕ್ಷರವೂ ಮಾಸಿತು. "ನಿನ್ನ ಕೈಕೆಲಸ ಚೆನ್ನಾಗಿದೆ ತಂಗಿ. ಹಳೆಯದೇ ಚೆನ್ನಾಗಿದೆ" ಎಂದು ಕರಿಗವಿ ಚೀಲ ತಟ್ಟಿಕೊಂಡ. ನಾಳೆ ಏಳನೇ ಗುಳಿಯೂ ಪೂರ್ತಿ ಬರಿದಾಗುತ್ತದೆ ಎಂದೂ ಹೇಳಿದ.

ಮನೆಗೆ ಬಂದರೆ ಚೆಲುವಿ ಮೊಸರಿನ ಗಡಿಗೆಯೊಳಗೆ ಮೊಣಕೈವರೆಗೆ ಕೈ ಹಾಕಿ ಬಳಿಯುತ್ತಿದ್ದಳು. ತಿರುಮಕ್ಕನಿಗೆ ಸಿಟ್ಟು ತೀರಿಸಿಕೊಳ್ಳಲು ಯಾರಾದರೂ ಬೇಕಿತ್ತು.

"ಹೆಪ್ಪಿಗೆ ಅಂತ ಒಂದು ಚಮಚ ಬಿಡಬೇಕು ಅನ್ನೋದು ನಿನಗೆ ಇನ್ನೂ ಗೊತ್ತಿಲ್ವೇನೆ? ನಾಳೆ ಹಾಲು ತಾನಾಗೇ ಮೊಸರಾಗುತ್ತಾ?"

ಹೇಳಿದ ಮಾತು ತನ್ನ ಕಿವಿಗೇ ಬಿತ್ತು. ಅವಳು ಗಡಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ದಿನವೂ ಅಡುಗೆಮನೆಯಲ್ಲಿ ಪಾಲಿಸುತ್ತ ಬಂದ ಕಟ್ಟಳೆ. ಅತ್ತೆಯಿಂದ ಬೈಸಿಕೊಂಡು ಕಲಿತ ಕಟ್ಟಳೆ. ದೊರೆಯ ಮಣೆ ಎಂದಾಕ್ಷಣ ಅದನ್ನು ಗಡಿಗೆಯ ಹತ್ತಿರವೇ ಬಿಟ್ಟು ಹೋಗಿದ್ದಳು.

ಮರುದಿನ ಚೆಲುವಿಯ ಕೈ ಹಿಡಿದುಕೊಂಡೇ ಅರಮನೆಗೆ ಹೋದಳು. ಬೆಸ್ತರ ಹೆಂಗಸರೂ ಅಲ್ಲಿ ಸೇರಿದ್ದರು. ಮೂರನೇ ಸಲ ಹೀಗೆ ಕೆತ್ತಿದಳು: ಪ್ರತಿ ಗುಳಿಯಲ್ಲೂ ಎರಡು ಬೀಜ ಹೆಪ್ಪಿಗೆ ಬಿಡಬೇಕು. ಹೆಪ್ಪಿರುವ ಗುಳಿಗೆ ಸುತ್ತಿಗೊಂದು ಹೊಸ ಬೀಜ. ಹೆಪ್ಪು ಮುಟ್ಟಿದವನು ಆ ಕ್ಷಣವೇ ಸೋತ.

ಅಕ್ಷರ ಮಾಸಲಿಲ್ಲ. ಆದರೆ ಹಳೆಯ ಕಟ್ಟಳೆಯೂ ಅಳಿಯಲಿಲ್ಲ; ಎರಡೂ ಅಕ್ಕಪಕ್ಕ ನಿಂತವು. ಕರಿಗವಿ ಮೀಸೆಯಡಿ ನಕ್ಕ. "ಕಟ್ಟಳೆ ಮಾಡಿದವರು ನನ್ನದು ಅಂತ ಒಪ್ಪಿದರೆ ಮಾತ್ರ ಅದು ಅಳಿಯೋದು. ಈ ಹಳೆಯದು ಕರಿಗವಿಯದು ಅಂತ ಊರೆಲ್ಲ ಹೇಳುತ್ತೆ. ಹೇಳಿದ್ದು ಯಾರು ತಂಗಿ?"

ಹೆಂಗಸರೆಲ್ಲ ತಿರುಮಕ್ಕನನ್ನೇ ನೋಡುತ್ತಿದ್ದರು. ಅವಳು ನೆಲ ನೋಡುತ್ತ ದೊರೆಗೆ ಹೇಳಿದಳು.

"ಬುದ್ಧಿ, ಆ ಕಟ್ಟಳೆ ನನ್ನದು. ಬೂದಿ ಇವನದು, ಕಟ್ಟಳೆ ನನ್ನದು. ಸಂತೆಯಲ್ಲಿ ನಾನು ಸುಳ್ಳು ಹೇಳಿದೆ."

ಹಳೆಯ ಅಕ್ಷರಗಳು ಒಂದೊಂದಾಗಿ ಸುರುಳಿ ಸುರುಳಿ ಮರದ ಹೊಟ್ಟಾಗಿ ಉದುರಿದವು. ದೊರೆ ಆಟಕ್ಕೆ ಕೂತ. ಎರಡು ಬೀಜ ಬಿಟ್ಟು ತೆಗೆದ. ಕರಿಗವಿಯ ಸರದಿ ಬಂತು. ಅವನ ಕೈಗೆ ಬಾಚುವುದೊಂದೇ ಗೊತ್ತು. ತಡೆಯುವಷ್ಟರಲ್ಲಿ ಏಳನೇ ಗುಳಿಯನ್ನು ತಳದ ತನಕ ಬಾಚಿಬಿಟ್ಟ. ಕೂಡಲೇ ಚೀಲ ಬಿರಿಯಿತು. ಬೀಜಗಳು ತಂತಮ್ಮ ಗುಳಿಗೆ ಉರುಳಿದವು. ಒಂದು ಗುಳಿಯ ಹೆಪ್ಪಿಗೆ ಒಂದು ಬೀಜ ಕಡಿಮೆ ಬಿತ್ತು. ಕರಿಗವಿ ಕುಗ್ಗಿ ಕುಗ್ಗಿ ಹುಣಸೆಬೀಜವಾಗಿ ಅದರೊಳಗೆ ಬಿದ್ದ. ಹೆಪ್ಪಿನ ಬೀಜ ನೋಡಿ, ಅವನನ್ನು ಯಾರೂ ಎಂದಿಗೂ ಎತ್ತುವ ಹಾಗಿಲ್ಲ.

ಏಳು ಮಡುಗಳೂ ತುಂಬಿದವು. ಬೆಸ್ತರು ಬಲೆ ಹಾಕಿದರು, ಮರಿಮೀನನ್ನು ಬಿಟ್ಟರು. ಅವರ ಹೆಂಗಸರು ತಿರುಮಕ್ಕನನ್ನು ಎಂಟು ದಿನ ಚೆನ್ನಾಗಿ ಆಡಿಕೊಂಡರು, ಒಂಬತ್ತನೇ ದಿನ ಮೀನು ಕೊಟ್ಟರು. ನೀರುನಾಯಿಯ ಮರಿಗಳು ಚೆಲುವಿಯ ಕಾಲು ಕಚ್ಚಿ ಆಡಿದವು. ಇಡೀ ರಾಜ್ಯ ಸುಖವಾಗಿತ್ತು.

ತಿರುಮಕ್ಕ ಹೊಸ ಮಣೆಗೆ ಉಳಿ ಹಚ್ಚಿದ್ದಳು. ಚೆಲುವಿ ಮತ್ತೆ ಬಂದು ಕುಕ್ಕರಗಾಲಲ್ಲಿ ಕೂತಳು. ಈ ಸಲ ತಿರುಮಕ್ಕ ರೇಗಲಿಲ್ಲ. ಉಳಿ ಪಕ್ಕಕ್ಕಿಟ್ಟು, ಅದೇನು ಕೇಳು ಎಂದಳು.

"ಅವ್ವ, ಬರಿ ಗುಳಿ ತುಂಬೋದು ಹೇಗೆ ಅಂತ ನಾನು ಕೇಳಿದ್ದೆನಲ್ಲ," ಎಂದಳು ಚೆಲುವಿ, "ಅದು ತುಂಬೋದಿಲ್ಲ ಅಂತ ನಿನಗೆ ಆವತ್ತೇ ಗೊತ್ತಿತ್ತಾ?"