ಒಬ್ಬರೇ ಬಂದವರಿಗೆ ರೂಮ್ ಇಲ್ಲ

"ಒಬ್ಬರೇನಾ?"

ಕೇಳಿದ ಮೇಲೆ ಚಿನಾಮಿಗೆ ತನ್ನ ದನಿಯೇ ಒರಟಾಗಿ ಕೇಳಿಸಿತು.

ಬಾಗಿಲಲ್ಲಿ ನಿಂತಿದ್ದವನ ತಲೆ, ಭುಜದ ಮೇಲೆಲ್ಲ ಹಿಮ. ಕೈಯಲ್ಲಿ ಒಂದು ಸಣ್ಣ ಬ್ಯಾಗು. ಕೊನೆಯ ಬಸ್ಸು ಆಗಲೇ ಬೆಟ್ಟ ಇಳಿದು ಹೋಗಿತ್ತು.

"ಹೌದು, ಒಬ್ಬನೇ. ಇವಾಕಿ ತೊಮೊಹಾರು ಅಂತ. ರೂಮ್ ಇದ್ಯಾ?"

ರೂಮುಗಳೇನೋ ಬೇಕಾದಷ್ಟು ಖಾಲಿ ಇದ್ದವು. ಫೆಬ್ರವರಿಯ ಹಿಮದಲ್ಲಿ ಈ ಕಣಿವೆಗೆ ಬರುವವರಾದರೂ ಯಾರು? ಆದರೆ ಬಿಸಿನೀರಿನ ಬುಗ್ಗೆಯ ಪಕ್ಕದ ಕಸುಮಿಯಾ ವಸತಿಗೃಹದಲ್ಲಿ ಒಬ್ಬರೇ ಬಂದವರನ್ನು ಉಳಿಸಿಕೊಳ್ಳುವುದಿಲ್ಲ. ಅದು ಅಮ್ಮನ ಕಟ್ಟಳೆ.

ಕೆಲವು ವರ್ಷಗಳ ಹಿಂದೆ ಹೀಗೇ ಒಂಟಿಯಾಗಿ ಬಂದ ಹೆಂಗಸೊಬ್ಬಳು ಬಿಸಿನೀರಿನಲ್ಲಿ ಮಿಂದು, ಉಂಡು, ದೇವಸ್ಥಾನಕ್ಕೆ ಹೋಗಿ ಬರುತ್ತೇನೆಂದು ಹೊರಟವಳು ತಿರುಗಿ ಬರಲಿಲ್ಲ. ಕಮರಿಯ ಸೇತುವೆಯ ಬಳಿ ನೀಟಾಗಿ ಜೋಡಿಸಿಟ್ಟಿದ್ದ ಅವಳ ಚಪ್ಪಲಿ ಮಾತ್ರ ಸಿಕ್ಕಿತ್ತು.

ಇಲ್ಲ ಅನ್ನು... ಇಲ್ಲ ಅಂದುಬಿಡು ಚಿನಾಮಿ!

ಅವನು ತಲೆ ಎತ್ತಿ ಅವಳನ್ನು ನೋಡಿದ. ಎಷ್ಟೋ ದಿನದಿಂದ ನಿದ್ದೆ ಕಾಣದ ಕಣ್ಣುಗಳು.

"ಒಳಗೆ ಬನ್ನಿ," ಎಂದುಬಿಟ್ಟಳು.

ಬುದ್ಧಿ ಬೇಡ ಎನ್ನುತ್ತಿರುವಾಗಲೇ ಬಾಯಿ ಬನ್ನಿ ಎಂದರೆ ಅದಕ್ಕೆ ಏನೆನ್ನಬೇಕೋ, ನೀವೇ ಹೇಳಿ!

ಬಂದವರು ಬೂಟು ಬಿಚ್ಚಿದ ಮೇಲೆ ಅದನ್ನು ಬಾಗಿಲ ಕಡೆ ತಿರುಗಿಸಿಡುವುದು ಮನೆಯವರ ಕೆಲಸ. ಹೊರಡುವಾಗ ಅವರು ಸುಮ್ಮನೆ ಕಾಲು ತೂರಿಸಿದರೆ ಸಾಕು. ಚಿನಾಮಿ ಬಗ್ಗಿದಳು. ಅದೇ ಹೊತ್ತಿಗೆ ಅವನೂ ಬಗ್ಗಿದ. ತಲೆಗೆ ತಲೆ ಢೀ ಎಂದಿತು.

"ಅಯ್ಯೋ, ಕ್ಷಮಿಸಿ!"

"ಇಲ್ಲ ಇಲ್ಲ, ನಂದೇ ತಪ್ಪು."

ಅವನು ತನ್ನ ಕಂದು ಬೂಟುಗಳನ್ನು ತಾನೇ ತಿರುಗಿಸಿ ಜೋಡಿಸಿದ. ಎಷ್ಟು ನೀಟಾಗಿ ಜೋಡಿಸಿದನೆಂದರೆ, ಚಿನಾಮಿಯ ಎದೆ ಸುಮ್ಮನೆ ಒಮ್ಮೆ ಝಲ್ಲೆಂದಿತು.

ಅಡುಗೆಮನೆಯಲ್ಲಿ ಅಮ್ಮ ಸುಮಿಯೆ ಕಾದು ಕೂತಿದ್ದಳು.

"ನಿಂಗೆ ಬುದ್ಧಿ ಇದ್ಯೇನೇ? ಮಡಿಲಲ್ಲಿ ಕೆಂಡ ಕಟ್ಕೊಂಡು ಬಂದಿದ್ದೀಯಲ್ಲ!"

"ಈ ಹಿಮದಲ್ಲಿ ಅವರು ಎಲ್ಲಿಗೆ ಹೋಗ್ತಾರಮ್ಮ, ಪಾಪ?"

"ಆ ಹೆಂಗಸಿನ ಹಾಸಿಗೆ ಮಡಚಿದ್ದು ನಾನು." ಅಮ್ಮನ ದನಿ ಇಳಿಯಿತು. "ಇನ್ನೊಂದು ಸಲ ಅಂಥದ್ದು ನನ್ನ ಕೈಲಿ ಆಗಲ್ಲ. ಹಾಗೇನಾದ್ರೂ ಆದ್ರೆ ಈ ಮನೆಗೆ ಬೀಗ ಹಾಕ್ತೀನಿ, ನಿನ್ನಾಣೆ!"

"ಏನೂ ಆಗಲ್ಲ. ನಾನು ನೋಡ್ಕೋತೀನಿ. ಏನಾದ್ರೂ ಆದ್ರೆ ನಾನೇ ಹೊಣೆ."

ಮೂಲಂಗಿ ಹೆಚ್ಚುತ್ತಿದ್ದ ಅಡುಗೆಯ ಸೆಕಿ ಅಜ್ಜಿ ತಲೆ ಎತ್ತದೆಯೇ ಹೇಳಿದಳು, "ನೋಡ್ಕೊಳ್ಳಲಿ ಬಿಡು ಸುಮಿಯೆ. ನೋಡೋಕೆ ಚೆನ್ನಾಗೇ ಇದ್ದಾನೆ."

"ಅಜ್ಜೀ!"

ಅಂದಿನ ಊಟವನ್ನು ಚಿನಾಮಿಯೇ ಅವನ ಕೋಣೆಗೆ ಒಯ್ದಳು. ಸುಟ್ಟ ಮೀನು, ಹಬೆಯಾಡುವ ಅನ್ನ, ಎಲ್ಲವನ್ನೂ ಒಂದು ಅಗುಳೂ ಬಿಡದೆ ಉಂಡ. ಟೀ ಮಾತ್ರ ಹಾಗೇ ಇತ್ತು.

"ಟೀ ಆರಿ ಹೋಗ್ತಿದೆ..."

ಅವನು ಕಪ್ಪೆತ್ತಿ ಮೂಸಿದ. ಮುಖ ಅರಳಿತು. "ಮೊದಲ ಕೊಯ್ಲಿನ ಎಲೆ. ಹಬೇಲಿ ಹದವಾಗಿ ಬೆಂದಿದೆ."

"ಅಬ್ಬಾ, ಮೂಸಿದ್ರೇ ಗೊತ್ತಾಗುತ್ತಾ?"

"ನಮ್ದು ಟೀ ತೋಟ. ಹಾಲು ಬಿಡೋಕೆ ಮುಂಚೆ ಟೀ ಹಿಡಿದೋನು ನಾನು."

"ಹಾಗಾದ್ರೆ ಕುಡೀರಿ."

ಅರಳಿದ ಮುಖ ಮುದುಡಿತು. ಕಪ್ಪನ್ನು ಮೆಲ್ಲಗೆ ಕೆಳಗಿಟ್ಟ. "ಬೇಡ."

"ಯಾಕೆ?"

"ಹೇಳೋ ಹಾಗಿಲ್ಲ."

ಅಡುಗೆಮನೆಗೆ ಬಂದು ಚಿನಾಮಿ ಇದನ್ನು ಹೇಳಿದಾಗ ಸೆಕಿ ಅಜ್ಜಿಯ ನಗು ಮಾಯವಾಯಿತು. "ಪ್ರಾಣಕ್ಕೆ ಪ್ರಾಣ ಆಗಿರೋದನ್ನ ಬಿಟ್ಟಿದ್ದಾನೆ ಅಂದ್ರೆ... ಮಗಳೇ, ಕಣ್ಣಿಟ್ಟಿರು."

ಮರುದಿನ ಚಿನಾಮಿ ಪಡಸಾಲೆ ಒರೆಸುತ್ತಿದ್ದಾಗ ಅವನು ಬಂದು ಪಕ್ಕದಲ್ಲಿ ನಿಂತ. ಮಿಂದು ಬಂದಿದ್ದ, ಮೈಯಿಂದ ಬುಗ್ಗೆಯ ಗಂಧಕದ ವಾಸನೆ. ಚಿನಾಮಿಯ ಬಿರಿದ ಬೆರಳುಗಳನ್ನೇ ನೋಡಿ, ಒಂದು ಪುಟ್ಟ ಸೀಸೆ ಚಾಚಿದ.

"ಟೀ ಬೀಜದ ಎಣ್ಣೆ. ಹಚ್ಕೊಳ್ಳಿ, ಬಿರುಕು ಹೋಗುತ್ತೆ."

"ಅಯ್ಯೋ, ನಿಮಗೆ ಬೇಡ್ವಾ?"

"ನನಗಿನ್ನು ಬೇಕಾಗಲ್ಲ."

ಇನ್ನು ಬೇಕಾಗಲ್ಲ? ಯಾಕೆ ಬೇಕಾಗಲ್ಲ? ಚಿನಾಮಿಗೆ ಕೈಯಲ್ಲಿದ್ದ ಬಟ್ಟೆ ಹಿಂಡುವುದೂ ಮರೆತುಹೋಯಿತು.

"ಚಿನಾಮಿ ಅವ್ರೇ, ದೇವಸ್ಥಾನಕ್ಕೆ ಆ ಸೇತುವೆ ದಾಟೇ ಹೋಗ್ಬೇಕಾ?"

"ಹೌದು..."

"ಸಂಜೆ ಹೊತ್ತು ಅಲ್ಲಿ ಯಾರಾದ್ರೂ ಇರ್ತಾರಾ?"

"ಈ ಚಳೀಲಿ ಯಾರಿರ್ತಾರೆ? ಯಾರೂ ಇರಲ್ಲ."

"ಒಳ್ಳೇದು," ಎಂದ ಅವನು.

ಆ ಇಡೀ ದಿನ ಅವಳು ಯಾವುದಾದರೊಂದು ನೆಪ ಮಾಡಿ ಅವನ ಕೋಣೆಯ ಮುಂದೆ ಸುಳಿದಾಡಿದಳು. ಇದ್ದಿಲು ಬೇಕಾ, ಹೊದಿಕೆ ಬೇಕಾ, ಕಿಟಕಿ ಮುಚ್ಚಲಾ. ಪ್ರತಿ ಸಲವೂ ಅವನು ನಕ್ಕು ಬೇಡ ಎಂದ. ಆ ನಗು ಅವಳ ಎದೆಯೊಳಗೆ ಇಳಿಯುತ್ತಿತ್ತು, ಭಯವೂ ಜೊತೆಗೇ ಇಳಿಯುತ್ತಿತ್ತು. ಹೊಣೆ ಹೊತ್ತಿದ್ದಕ್ಕೆ ಭಯವೋ, ಈ ಮನುಷ್ಯನನ್ನು ಕಳೆದುಕೊಳ್ಳುವ ಭಯವೋ?

ಸಂಜೆ ತಿಂಡಿಯ ತಟ್ಟೆ ಹಿಡಿದು ಹೋದಾಗ ಕೋಣೆ ಖಾಲಿ. ಬಾಗಿಲ ಬಳಿ ಕಂದು ಬೂಟುಗಳೂ ಇರಲಿಲ್ಲ!

ತಟ್ಟೆ ಎಲ್ಲಿ ಇಟ್ಟಳೋ, ಕಾಲಿಗೆ ಏನು ಮೆಟ್ಟಿದಳೋ ಅವಳಿಗೇ ತಿಳಿಯದು. ಹಿಮದಲ್ಲಿ ಓಡಿದಳು, ಬಿದ್ದಳು, ಎದ್ದು ಮತ್ತೆ ಓಡಿದಳು.

ಸೇತುವೆಯ ಬಳಿ ಬೂಟುಗಳಿದ್ದವು. ನೀಟಾಗಿ ಜೋಡಿಸಿಟ್ಟಿದ್ದವು.

"ತೊಮೊಹಾರು!"

ಅತಿಥಿಯನ್ನು ಹಾಗೆ ಬರೀ ಹೆಸರು ಹಿಡಿದು ಆ ಮನೆಯಲ್ಲಿ ಯಾರೂ ಕರೆದದ್ದಿಲ್ಲ. ಕೂಗು ಕಮರಿಯೊಳಗೆ ಬಿದ್ದು ಮರಳಿ ಬಂತು. ಸೇತುವೆಯ ಅಂಚು ಹಿಡಿದು ಕೆಳಗೆ ನೋಡಿದಳು. ಕಪ್ಪು ನೀರು, ಬಿಳಿ ಬಂಡೆ, ಅಷ್ಟೇ.

ನಾನೇ ಒಳಗೆ ಕರೆದೆ... ನಾನೇ ಕಳಿಸಿಬಿಟ್ಟೆ...

ಆಗ ಕಂಡಿತು. ಸೇತುವೆಯಾಚೆಯ ಹಿಮದಲ್ಲಿ ಬರಿಗಾಲಿನ ಗುರುತು. ಒಂದಲ್ಲ, ಎರಡಲ್ಲ, ಹೋಗಿ ಬಂದು, ಹೋಗಿ ಬಂದು ತುಳಿದ ದಾರಿ. ಅದರ ತುದಿಯಲ್ಲಿ, ದೇವಸ್ಥಾನದ ಮಹಾದ್ವಾರದಿಂದ ಗುಡಿಯ ಕಡೆಗೆ ಅವನು ನಡೆಯುತ್ತಿದ್ದ!

ಚಿನಾಮಿ ಹೋಗಿ ಹಿಂದಿನಿಂದ ಅವನನ್ನು ಬಾಚಿ ಹಿಡಿದುಕೊಂಡಳು.

"ಬೇಡ! ಏನೇ ಕಷ್ಟ ಇರ್ಲಿ, ಸಾಯೋದು ಬೇಡ! ನಾನಿದ್ದೀನಿ, ನನ್ನ ಹತ್ರ ಹೇಳಿ!"

ಅವನ ಮುಷ್ಟಿ ಬಿಚ್ಚಿ ಕಲ್ಲಿನ ಹರಳುಗಳು ಹಿಮದ ಮೇಲೆ ಚೆಲ್ಲಾಪಿಲ್ಲಿಯಾದವು. ಅವನು ಮಾತಾಡಲಿಲ್ಲ. ತುಟಿ ಬಿಗಿದು ಅವಳನ್ನೇ ನೋಡಿದ.

ಹರಳು. ಬರಿಗಾಲು. ಮೌನ. ಚಿನಾಮಿಯ ಕೈ ತಾನಾಗಿ ಸಡಿಲಿತು. ಮಹಾದ್ವಾರದಿಂದ ಗುಡಿಗೆ ಬರಿಗಾಲಲ್ಲಿ ನೂರು ಸಲ ನಡೆಯುವ ಹರಕೆ! ಒಂದೊಂದು ಸಲಕ್ಕೆ ಒಂದೊಂದು ಹರಳು. ಯಾರ ಕಣ್ಣಿಗೂ ಬೀಳಬಾರದು, ಮಾತಾಡಬಾರದು, ಏನು ಬೇಡಿದೆನೆಂದು ಯಾರಿಗೂ ಹೇಳಬಾರದು. ಹರಕೆ ಫಲಿಸುವವರೆಗೆ ತನಗೆ ತುಂಬ ಇಷ್ಟವಾದದ್ದೊಂದನ್ನು ಬಿಡಬೇಕು, ಅದಕ್ಕೇ ಟೀ ಬಿಟ್ಟಿದ್ದಾನೆ.

ಗುಡಿಯ ದೇವಿ ಬಸುರಿ, ಬಾಣಂತಿಯರನ್ನು ಕಾಯುವವಳು. ಇಲ್ಲಿಗೆ ತುಂಬುಬಸುರಿಯರು ಬರುತ್ತಾರೆ, ಅವರ ಅತ್ತೆ, ಅಮ್ಮಂದಿರು ಬರುತ್ತಾರೆ. ಒಂಟಿ ಗಂಡಸು ಬಂದದ್ದನ್ನು ಚಿನಾಮಿ ಕಂಡಿರಲೇ ಇಲ್ಲ.

ಹೆಂಡತಿಗೆ ಹೆರಿಗೆ...

"ನಾನು... ನಿಮ್ಮ ಹರಕೆ ಕೆಡಿಸಿಬಿಟ್ಟೆ."

ಅವನು ಇಲ್ಲ ಎಂಬಂತೆ ತಲೆಯಾಡಿಸಿದ. ತುಟಿಗೆ ಬೆರಳಿಟ್ಟು, ಮಂಡಿಯೂರಿ ಹರಳುಗಳನ್ನು ಹೆಕ್ಕಿಕೊಂಡ. ಮತ್ತೆ ಮಹಾದ್ವಾರಕ್ಕೆ ಹೋಗಿ ಮೊದಲ ಹೆಜ್ಜೆಯಿಂದ ಶುರುಮಾಡಿದ.

ಅವನು ಮರಳಿದಾಗ ಚಿನಾಮಿ ಬಾಗಿಲಲ್ಲೇ ಮರದ ತೊಟ್ಟಿಯಲ್ಲಿ ಬುಗ್ಗೆಯ ನೀರು ತುಂಬಿಕೊಂಡು ಕಾದಿದ್ದಳು. ಬೂಟು ಬಿಚ್ಚಿದ ಕಾಲು ನೀಲಿಗಟ್ಟಿತ್ತು, ಹಿಮ್ಮಡಿ ಸೀಳಿತ್ತು. ಅವಳು ತಲೆ ತಗ್ಗಿಸಿ ನೀರು ಹೊಯ್ದಳು.

"ಬಿಡಿ, ನಾನು ಮಾಡ್ಕೋತೀನಿ..."

"ಸುಮ್ನೆ ಕೂತ್ಕೊಳ್ಳಿ."

ಹಬೆಯಲ್ಲಿ ಕಣ್ಣೀರು ಕಾಣುವುದಿಲ್ಲವೆಂಬ ಧೈರ್ಯದಿಂದ ಅತ್ತಳು. ಎಂಥ ಪುಣ್ಯವಂತೆ ಇವನ ಹೆಂಡತಿ! ತಾಯಿಗೂ ಮಗುವಿಗೂ ಏನಾದರೂ ಆದರೆ ಆ ಪಾಪ ನನ್ನದು. ಇಷ್ಟಾದರೂ ಈ ಹಾಳು ಮನಸ್ಸು ಅವನನ್ನೇ ಬೇಡುತ್ತಿದೆಯಲ್ಲ!

"ನಿಮ್ಮ ಹೆಂಡ್ತಿ, ಮಗು ಇಬ್ರೂ ಚೆನ್ನಾಗಿರ್ತಾರೆ," ಎಂದಳು.

ಅವನ ಕಾಲು ತೊಟ್ಟಿಯಲ್ಲಿ ಬೆಚ್ಚಿತು. ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. "ಹೇಳೋ ಹಾಗಿಲ್ಲ," ಎಂದ, ಅಳುವ ದನಿಯಲ್ಲಿ.

ಆ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಸಿಗದು. ಬೆಳಗಿನ ತಿಂಡಿಯ ಹೊತ್ತಿಗೆ ಮನೆಯ ಫೋನ್ ಹೊಡೆದುಕೊಂಡಿತು. ಅಮ್ಮ ಎತ್ತಿದಳು.

"ಇವಾಕಿ ಅವ್ರೇ, ನಿಮಗೆ. ಆಸ್ಪತ್ರೆಯಿಂದಂತೆ!"

ಅವನು ಓಡಿ ಬಂದ. ಚಿನಾಮಿ ಕಂಬಕ್ಕೊರಗಿ ನಿಂತಳು. ಬಿರಿದ ಬೆರಳುಗಳನ್ನು ಒಂದರೊಳಗೊಂದು ಬಿಗಿದುಕೊಂಡಿದ್ದಳು. ದೇವೀ, ನನ್ನ ತಪ್ಪಿಗೆ ಅವರನ್ನು ಶಿಕ್ಷಿಸಬೇಡ...

"ಹಾಂ... ಹೇಳಿ... ಇಬ್ರೂನಾ?... ನಿಜವಾಗ್ಲೂ ಇಬ್ರೂ ಚೆನ್ನಾಗಿದ್ದಾರಾ?"

ಫೋನ್ ಇಟ್ಟವನೇ ನೆಲಕ್ಕೆ ಕುಸಿದು ಕೂತ. ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತ. ಆಮೇಲೆ ತಲೆ ಎತ್ತಿ ಕೂಗಿದ.

"ನಾನು ಮಾವ ಆದೆ! ಸೋದರಮಾವ ಆದೆ!"

"ಮಾವಾನಾ?!" ಚಿನಾಮಿಯ ಕೂಗು ಅದಕ್ಕಿಂತ ಜೋರಾಗಿತ್ತು.

"ತಂಗಿಗೆ ಹೆಣ್ಣು ಮಗು. ತಾಯಿ ಮಗು ಇಬ್ರಲ್ಲಿ ಒಬ್ರು ಉಳಿದ್ರೆ ಹೆಚ್ಚು ಅಂದಿದ್ರು ಡಾಕ್ಟ್ರು. ಅವಳ ಗಂಡ ಅಲ್ಲಿದ್ದ, ನನ್ನ ಕೈಲಾಗೋದು ಇದೊಂದೇ ಆಗಿತ್ತು. ನಮ್ಮಮ್ಮ ನಮ್ಮಿಬ್ರನ್ನೂ ಹೆತ್ತಿದ್ದು ಈ ದೇವಿಗೆ ಹರಕೆ ಹೊತ್ತೇ. ಅಮ್ಮ ಈಗಿಲ್ಲ... ಇರೋಳು ತಂಗಿ ಒಬ್ಳೇ."

ಸೆಕಿ ಅಜ್ಜಿ ಕಣ್ಣೊರೆಸಿಕೊಂಡಳು. ಅವನು ಚಿನಾಮಿಯ ಕಡೆ ತಿರುಗಿದ.

"ನಿನ್ನೆ ನೀವು ಹೆಂಡ್ತಿ ಅಂದ್ರಲ್ಲ... ನಂಗೆ ಹೆಂಡ್ತಿ ಇಲ್ಲ ಅಂತ ಕೂಗ್ಬೇಕು ಅನ್ನಿಸ್ತು. ನಾಲಿಗೆ ಕಚ್ಕೊಂಡು ಕೂತಿದ್ದೆ. ಹರಕೆಗಿಂತ ಅದೇ ಕಷ್ಟ ಆಯ್ತು."

ಚಿನಾಮಿಯ ಕಿವಿ ಕೆಂಪಾಯಿತು. "ಮತ್ತೆ ಆ ಎಣ್ಣೆ... ಇನ್ನು ಬೇಕಾಗಲ್ಲ ಅಂದ್ರಲ್ಲ?"

"ಇನ್ನೇನು ಊರಿಗೆ ಹೋಗ್ತೀನಲ್ಲ. ಅಲ್ಲಿ ಡಬ್ಬಿಗಟ್ಟಲೆ ಇದೆ!"

"ಥೂ! ಅಷ್ಟು ಹೇಳೋಕೆ ಏನಾಗಿತ್ತು?" ಎಂದು ಗದರಿದವಳಿಗೆ ಅಳುವಿನ ಮಧ್ಯೆಯೇ ನಗು ಬಂತು.

"ಈಗ ಒಂದು ಕಪ್ ಟೀ ಸಿಗುತ್ತಾ?"

ಅವಳು ಕಪ್ಪು ತುಂಬಿ ತುಳುಕುವಷ್ಟು ಟೀ ಬಗ್ಗಿಸಿದಳು. ಅವನು ಎರಡೂ ಕೈಯಲ್ಲಿ ಕಪ್ಪು ಹಿಡಿದು, ಕಣ್ಣು ಮುಚ್ಚಿ, ಕೊನೆಯ ಹನಿಯವರೆಗೂ ಕುಡಿದ. ಇನ್ನೊಂದು ಕಪ್ ಕೇಳಿದ. ಮತ್ತೂ ಒಂದು ಕೇಳಿದ.

"ಬಸ್ ತಪ್ಪುತ್ತೆ ಕಣಪ್ಪ," ಎಂದಳು ಅಮ್ಮ.

ಹೊರಡುವ ಹೊತ್ತು ಬಂದೇಬಿಟ್ಟಿತು. ಚಿನಾಮಿ ಬಾಗಿಲ ಬಳಿ ಕೂತು, ಬೆಂಕಿಯ ಮುಂದೆ ಒಣಗಿಸಿದ್ದ ಕಂದು ಬೂಟುಗಳನ್ನು ಕೈಗೆತ್ತಿಕೊಂಡಳು. ಕೆಳಗಿಡಲು ಮನಸ್ಸು ಬರಲಿಲ್ಲ.

ಅವನು ಅಮ್ಮನಿಗೆ ತಲೆಬಾಗಿದ. "ಹರಕೆ ಫಲಿಸಿದ ಮೇಲೆ ದೇವಿಗೆ ಮತ್ತೆ ಬಂದು ಕೈಮುಗೀಬೇಕು. ಮೊದಲ ಕೊಯ್ಲು ಮುಗಿಸಿ, ಹೊಸ ಟೀ ತಗೊಂಡು ಬರ್ತೀನಿ. ರೂಮ್ ಇಟ್ಟಿರ್ತೀರಾ?"

ಅಮ್ಮ ಮುಖ ಗಂಟಿಕ್ಕಿದಳು. "ಒಬ್ಬರೇ ಬಂದವರಿಗೆ ನಮ್ಮಲ್ಲಿ ರೂಮ್ ಇಲ್ಲ."

"ಅಮ್ಮಾ!"

"ಕಟ್ಟಳೆ ಅಂದ್ರೆ ಕಟ್ಟಳೆ."

ತೊಮೊಹಾರು ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಹಾಗಾದ್ರೆ... ಇಬ್ಬರು ಅಂತ ಇಟ್ಕೊಳ್ಳಿ."

"ಇನ್ನೊಬ್ಬರು ಯಾರೋ?" ಎಂದಳು ಅಮ್ಮ. ತುಟಿಯಂಚಿನ ನಗುವನ್ನು ಮಾತ್ರ ಅವಳಿಗೆ ಅಡಗಿಸಲಾಗಲಿಲ್ಲ.

"ಅವರನ್ನ ಇನ್ನೂ ಕೇಳಿಲ್ಲ. ನನ್ನ ಬೂಟು ಹಿಡ್ಕೊಂಡು ಕೂತಿದ್ದಾರೆ." ಅವನು ಚಿನಾಮಿಯ ಎದುರು ಮಂಡಿಯೂರಿದ. "ಸೇತುವೆ ಹತ್ರ ನನ್ನ ಹೆಸರು ಹಿಡಿದು ಕೂಗಿದ್ರಲ್ಲ... ಇನ್ನು ಮುಂದೆ ಹಾಗೇ ಕರೀತೀರಾ?"

ಅವಳು ಬೂಟುಗಳನ್ನು ಮೆಲ್ಲಗೆ ಕೆಳಗಿಟ್ಟು, ಒಂದರ ಪಕ್ಕ ಒಂದನ್ನು ಜೋಡಿಸಿದಳು. ಬಾಗಿಲ ಕಡೆಗಲ್ಲ, ಮನೆಯೊಳಗಿನ ಕಡೆಗೆ ಮುಖಮಾಡಿ.

ಅವನು ಬೂಟುಗಳನ್ನೇ ನೋಡಿದ. "ಹೀಗಿಟ್ರೆ ಹೋಗೋದು ಹೇಗೆ?"

"ಹೋಗೋಕಲ್ಲ, ತೊಮೊಹಾರು," ಎಂದಳು ಚಿನಾಮಿ. "ವಾಪಸ್ ಬರೋಕೆ."