ಕಬ್ಬಕ್ಕಿ ಹಿಂಡಿಗೆ ಯಜಮಾನಿ ಇಲ್ಲ

"ಕೊಡ್ರೀ ಇಲ್ಲಿ ಆ ದುರ್ಬೀನು!"

ಜೀವಿತಾಳ ಆ ಒಂದು ಕೂಗು ಬೋರನಕಣಿವೆ ಜಲಾಶಯದ ಏರಿಯ ಮೇಲಿಂದ ಹೊರಟು, ಹುಳಿಯಾರು ದಾಟಿ, ಚಿಕ್ಕನಾಯಕನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ತೂಕಡಿಸುತ್ತಿದ್ದ ಕಂಡಕ್ಟರನ್ನು ಎಬ್ಬಿಸಿ ಕೂರಿಸಿತು. ಸುಳ್ಳಲ್ಲ, ಬೇಕಾದರೆ ಹೋಗಿ ಕೇಳಿ.

ದುರ್ಬೀನು ಹಿಡಿದು ನಿಂತಿದ್ದವನೋ, ಏಣಿಯಿಲ್ಲದೆ ಕೈ ಚಾಚಿ ಎಳನೀರು ಕೀಳುವಷ್ಟು ಎತ್ತರ. ಅಷ್ಟು ಎತ್ತರದವನು ಅವಳ ಮುಂದೆ ನಿಂತ ಕೂಡಲೇ ಅರ್ಧಕ್ಕರ್ಧ ಕುಗ್ಗಿದ.

"ಹೆಂಗಸರು ಕುಣಿಯೋ ಕಡೆಗೆ ಇಷ್ಟೊತ್ತಿಂದ ಹಿಡ್ಕೊಂಡು ನಿಂತಿದ್ದೀರಲ್ಲ, ಮನೇಲಿ ಅಕ್ಕ-ತಂಗಿ ಇಲ್ವಾ?"

"ಇದ್ದಾರೆ. ಆದರೆ ಅವರು ಹಾರಲ್ಲ."

ಜೀವಿತಾ ದುರ್ಬೀನು ಕಿತ್ತುಕೊಂಡೇಬಿಟ್ಟಳು. ಅವನು ಸಿಟ್ಟಾಗಲಿಲ್ಲ. ಒಂದು ಸಲ ನೀವೇ ನೋಡಿ, ಅವರ ತಲೆಯ ಮೇಲೆ, ಸ್ವಲ್ಪ ಎಡಕ್ಕೆ ಎಂದಷ್ಟೇ ಹೇಳಿದ. ಅವನ ತಪ್ಪಿಗೆ ಸಾಕ್ಷಿ ಸಿಗಲಿ ಎಂದೇ ಅವಳು ಕಣ್ಣಿಗೆ ಹಿಡಿದದ್ದು.

ಸಿಕ್ಕಿದ್ದು ಬೇರೆ...

ಸಂಜೆಯ ಆಕಾಶದಲ್ಲಿ ಗುಲಾಬಿ ಕಬ್ಬಕ್ಕಿಗಳು. ಸಾವಿರ ಅಂದರೆ ಅವುಗಳಿಗೆ ಅವಮಾನ, ಕೋಟಿ ಅನ್ನಿ. ಯಾರೋ ದೊಡ್ಡದೊಂದು ಕಪ್ಪು ಸೀರೆಯನ್ನು ಜಲಾಶಯದ ಮೇಲೆ ಕೊಡವಿದ ಹಾಗೆ ಹಿಂಡು ಹರಡಿತು. ಹಿಂಡಿ ತಿರುಚಿದ ಹಾಗೆ ಸಣ್ಣಗಾಯಿತು. ಸೋರೆಕಾಯಿಯಾಯಿತು, ಹಾವಾಯಿತು, ಮತ್ತೆ ಸೀರೆಯಾಯಿತು. ಒಂದಕ್ಕೊಂದು ಡಿಕ್ಕಿಯಿಲ್ಲ, ಗದ್ದಲದ ಗೊಂದಲವಿಲ್ಲ.

ಅವಳ ಬಾಯಿಂದ ಬಂದ ಮೊದಲ ಪ್ರಶ್ನೆ, "ಇವಕ್ಕೆ ಹೇಳಿಕೊಡೋರು ಯಾರು?"

"ಯಾರೂ ಇಲ್ಲ."

"ಸುಮ್ನಿರಿ. ಯಾರಾದರೂ ಒಬ್ಬರು ಮುಂದೆ ಇರಲೇಬೇಕು."

"ಇಲ್ಲ ಕಣ್ರೀ. ಒಂದೊಂದು ಹಕ್ಕಿ ತನ್ನ ಹತ್ತಿರದ ಆರೇಳು ಹಕ್ಕಿಗಳನ್ನ ಮಾತ್ರ ಗಮನಿಸುತ್ತೆ. ಅವು ತಿರುಗಿದರೆ ತಾನೂ ತಿರುಗುತ್ತೆ. ದೂರ ಆದರೆ ಕೂಡಿಕೊಳ್ಳುತ್ತೆ, ತೀರಾ ಹತ್ತಿರ ಬಂದರೆ ಸರಿಯುತ್ತೆ. ಗಿಡುಗ ಎರಗಿದಾಗ ಅಂಚಿನ ಹಕ್ಕಿ ಹೊರಳುತ್ತೆ, ಅದನ್ನ ನೋಡಿ ಪಕ್ಕದ್ದು, ಅದನ್ನ ನೋಡಿ ಅದರ ಪಕ್ಕದ್ದು... ಕಣ್ಣು ಮಿಟುಕಿಸೋದರಲ್ಲಿ ಹಿಂಡೇ ಹೊರಳಿರುತ್ತೆ."

ಅವನ ಹೆಸರು ಮೋಕ್ಷಿತ್, ತುರುವೇಕೆರೆಯವನು. ಈ ಹಕ್ಕಿಗಳ ಹಾರಾಟದ ಬಗ್ಗೆ ಅಧ್ಯಯನ ಮಾಡುತ್ತಿದ್ದ. ತಿಂಗಳ ಕೊನೆಯವರೆಗೆ ಇಲ್ಲಿ, ಆಮೇಲೆ ದೂರದ ಕಛ್‌ಗೆ.

ಜೀವಿತಾ ದುರ್ಬೀನು ವಾಪಸು ಕೊಟ್ಟಳು. ಕ್ಷಮೆ ಮಾತ್ರ ಕೇಳಲಿಲ್ಲ. ಮನಸ್ಸಿನಲ್ಲಿ ಒಂದೇ ಮಾತು ಕೊರೆಯುತ್ತಿತ್ತು: 'ಯಾರೂ ನೋಡಿಕೊಳ್ಳದೆ ಇದೆಲ್ಲ ಹೇಗೆ ನಡೆಯುತ್ತೆ? ನಾನು ಒಂದು ದಿನ ಮಲಗಿದರೆ ನಮ್ಮನೇಲಿ ಒಲೆ ಹತ್ತಲ್ಲ.'

ಅದೂ ನಿಜವೇ. ಅಪ್ಪ ತೀರಿಕೊಂಡಾಗ ಅವಳಿನ್ನೂ ಕಾಲೇಜು ಹುಡುಗಿ. ಅಂದಿನಿಂದ ತೆಂಗಿನ ತೋಟ ಅವಳದು, ಅಮ್ಮನ ಔಷಧಿ ಅವಳದು, ತಂಗಿಯ ಮದುವೆಯೂ ಅವಳದು. ಹೋದ ವರ್ಷ ಅಜ್ಜಿ ಸಿದ್ದಗಂಗಮ್ಮ ಹೋದಮೇಲೆ ಅಜ್ಜಿಯ ಜಡೆ ಕೋಲಾಟದ ತಂಡವೂ ಅವಳ ತಲೆಗೇ ಬಂತು.

ಜಡೆ ಕೋಲಾಟ ನೋಡದವರಿಗೆ ಹೇಳುತ್ತೇನೆ. ಏರಿಯ ಪಕ್ಕದ ಗೋಣಿಮರದ ಕೊಂಬೆಗೆ ಬಳೆಯಂಥದ್ದೊಂದನ್ನು ಕಟ್ಟಿ, ಅದರಿಂದ ಬಣ್ಣದ ಹಗ್ಗಗಳನ್ನು ಇಳಿಬಿಟ್ಟಿರುತ್ತಾರೆ. ಹನ್ನೆರಡು ಹೆಂಗಸರು, ತಲೆಗೊಂದು ಹಗ್ಗ. ಅರ್ಧ ಜನ ಈ ಕಡೆಯಿಂದ, ಅರ್ಧ ಜನ ಆ ಕಡೆಯಿಂದ ಸುತ್ತುತ್ತಾ, ಎದುರು ಬಂದವರನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಿಟ್ಟು ನುಸುಳಬೇಕು. ಮೇಲೆ ತಂತಾನೇ ಜಡೆ ಹೆಣೆದುಕೊಳ್ಳುತ್ತದೆ. ಹಿಂದಕ್ಕೆ ಸುತ್ತಿದರೆ ಬಿಚ್ಚಿಕೊಳ್ಳುತ್ತದೆ. ಒಬ್ಬಳ ಒಂದು ಹೆಜ್ಜೆ ತಪ್ಪಿತೋ, ಗಂಟು! ಇವರದ್ದು ದಿನಾ ಗಂಟೇ. ಬಿಡಿಸಲು ಏಣಿ ಹತ್ತಿ ಹತ್ತಿ ಏಣಿಗೇ ಬೇಸರ ಬಂದಿತ್ತು.

ಜೀವಿತಾ ಹೊರಗೆ ನಿಂತು ಪೀಪಿ ಊದುತ್ತಿದ್ದಳು. ಎಡಕ್ಕೆ ನಿರ್ಮಲಾ, ನಿಧಾನ ದ್ರಾಕ್ಷಾಯಣಮ್ಮ ಎಂದು ಗಂಟಲು ಹರಿದುಕೊಳ್ಳುತ್ತಿದ್ದಳು. ಅಷ್ಟೂ ಜನ ಎದುರು ಬರುವವರನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದರು.

ಎಷ್ಟೋ ವರ್ಷಕ್ಕೆ ಜಲಾಶಯ ತುಂಬಿತ್ತು. ಬಾಗಿನದ ದಿನ ಇವರದೇ ಕೋಲಾಟ. ಆದರೆ ಉಸ್ತುವಾರಿ ಹೊತ್ತ ತೋಂಟದಾರ್ಯನವರು ಸಮಾಧಾನದಲ್ಲೇ ಹೇಳಿಹೋಗಿದ್ದರು: ಹೀಗೇ ಗಂಟಾಗುತ್ತಿದ್ದರೆ ಬೇರೆ ಊರಿನ ತಂಡವನ್ನು ಕರೆಸಬೇಕಾಗುತ್ತೆ ಕಣಮ್ಮ.

ಅಜ್ಜಿಯ ತಂಡ... ತನ್ನ ಕೈಯಲ್ಲಿ ಮುಗಿದುಹೋಗುವುದೇ? ಜೀವಿತಾ ಇನ್ನೂ ಜೋರಾಗಿ ಊದಿದಳು.

ಇದರ ನಡುವೆ ಇನ್ನೊಂದು ಶುರುವಾಗಿತ್ತು. ಹಗ್ಗ ಒಣಹಾಕಬೇಕು ಎಂದು ಅವಳು ದಿನಾ ಎಲ್ಲರಿಗಿಂತ ಮುಂಚೆ ಏರಿಗೆ ಬರುತ್ತಿದ್ದಳು. ಆ ಹಗ್ಗಗಳು ಒಣಗಿ ಒಣಗಿ ಹಪ್ಪಳವಾಗಿದ್ದವು. ಮೋಕ್ಷಿತ್ ಫ್ಲಾಸ್ಕಿನಲ್ಲಿ ಟೀ ತರುತ್ತಿದ್ದ. ಲೋಟ ಎರಡು ಯಾಕೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ನಿಮಗೆ ಸುಸ್ತಾಗಲ್ವಾ ಎಂದು ಒಂದು ಸಂಜೆ ಅವನು ಕೇಳಿದ. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಅವಳಿಗೆ ಯಾರೂ ಕೇಳಿರಲಿಲ್ಲ.

'ತಿಂಗಳ ಕೊನೆ ಅನ್ನೋದು ಯಾಕಾದರೂ ಬರುತ್ತೋ...'

ಬಾಗಿನಕ್ಕೆ ನಾಲ್ಕೈದು ದಿನ ಇರುವಾಗ ಮಂಡಿಗೆ ಕೊಬ್ಬರಿ ಹಾಕಲು ತಿಪಟೂರಿಗೆ ಹೋದವಳು ಕಿಬ್ಬನಹಳ್ಳಿಯಲ್ಲಿ ಬಸ್ಸು ತಪ್ಪಿ ತಡವಾಗಿ ಬಂದಳು. ಏರಿ ಹತ್ತುತ್ತಲೇ ಕಾಲು ನಿಂತುಹೋಯಿತು.

ಅವಳಿಲ್ಲದೆ ಕೋಲಾಟ ನಡೆಯುತ್ತಿತ್ತು. ಜಡೆ ಹಾವಿನ ಹಾಗೆ ನುಣ್ಣಗೆ ಹೆಣೆದುಕೊಂಡಿತ್ತು. ಎಲ್ಲರ ಕಣ್ಣೂ ಎದುರು ಬರುವವರ ಮೇಲೆ, ಒಂದೇ ಒಂದು ಗಂಟಿಲ್ಲ. ಮರದ ಕೆಳಗೆ ಮೋಕ್ಷಿತ್ ಹೇಳುತ್ತಿದ್ದ:

"ಜೀವಿತಾ ಹೊರಗೆ ನಿಂತು ಕೂಗೋದು ಬೇಡ. ತೊಂದರೆ ಇರೋದೇ ಅಲ್ಲಿ."

ತೊಂದರೆ... ತಾನು? ಟೀ ಕೊಟ್ಟ ಕೈಯಲ್ಲೇ ತನ್ನ ತಂಡವನ್ನೂ ಕಿತ್ತುಕೊಂಡನೇ? ಬಂದ ಸದ್ದು ಯಾರಿಗೂ ಕೇಳದಂತೆ ಜೀವಿತಾ ಹಿಂದಿರುಗಿದಳು. ಅಂದು ರಾತ್ರಿ ಅವಳ ಕಣ್ಣಲ್ಲಿ ಹರಿದ ನೀರಿಗೆ ಜಲಾಶಯ ಇನ್ನೊಂದು ಸಲ ಕೋಡಿ ಬೀಳುತ್ತಿತ್ತು, ಸ್ವಲ್ಪದರಲ್ಲಿ ತಪ್ಪಿತು.

ಮಾರನೆಯ ದಿನ ಪೀಪಿಯನ್ನು ನಿರ್ಮಲಾಳ ಮನೆಗೆ ಕಳಿಸಿ, ಮೈ ಹುಷಾರಿಲ್ಲ ಎಂದು ಹೇಳಿಸಿದಳು. ಮೋಕ್ಷಿತ್ ಎರಡು ಸಲ ಬಾಗಿಲಿಗೆ ಬಂದ. ಎರಡು ಸಲವೂ ಅಮ್ಮ, ಮಲಗಿದ್ದಾಳೆ ಕಣಪ್ಪ ಎಂದು ಕಳಿಸಿದಳು.

ಬಾಗಿನದ ಬೆಳಿಗ್ಗೆ ಜೀವಿತಾ ಅಟ್ಟದ ಮೇಲೆ ಕೂತು, ಒಣಗಿದ ಕಾಯಿಗಳನ್ನು ಕಿವಿಯ ಹತ್ತಿರ ಕುಲುಕುತ್ತಿದ್ದಳು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಅಲ್ಲಾಡಿದರೆ ಸುಲಿಯಲು ಕೆಳಗೆ, ಇಲ್ಲದಿದ್ದರೆ ಇನ್ನಷ್ಟು ದಿನ ಅಟ್ಟದಲ್ಲೇ. ತಂಡದ ಹಿರಿಯಳು ಚಿಕ್ಕಗೌರಮ್ಮ ಮೊಣಕಾಲು ಹಿಡಿದುಕೊಂಡು ಏಣಿ ಹತ್ತಿ ಬಂದಳು.

"ಅದೊಂದನ್ನೇ ಎಷ್ಟೊತ್ತು ಕುಲುಕ್ತೀಯೇ? ಕಾಯಿಗೆ ತಲೆ ತಿರುಗೀತು."

"ನಾನಿಲ್ಲದೇ ಚೆನ್ನಾಗಿ ನಡೀತಿದೆಯಲ್ಲ ಅಜ್ಜಿ. ಇನ್ನು ನಾನ್ಯಾಕೆ?"

ಮುದುಕಿ ಅವಳ ಮುಖವನ್ನೇ ನೋಡಿದಳು. "ಅವತ್ತು ಬಂದಿದ್ದೆ ಅನ್ನು. ಅರ್ಧ ಕೇಳ್ಕೊಂಡು ಓಡಿಬಂದಿದೀಯ."

"ಕೇಳಿದ್ದು ಸಾಕಾಗಿತ್ತು."

"ಸಾಕಾಗಿರಲಿಲ್ಲ ಕಣೇ. ಆ ಹುಡುಗ ಆಮೇಲೇನಂದ ಗೊತ್ತಾ? 'ಆಕೆ ಹೊರಗೆ ನಿಂತು ನಿಮ್ಮನ್ನೆಲ್ಲ ನೋಡ್ಕೊಳ್ತಾರೆ, ಆಕೆಯನ್ನ ನೋಡ್ಕೊಳ್ಳೋರು ಯಾರೂ ಇಲ್ಲ. ಒಳಗೆ ಕರ್ಕೊಳ್ಳಿ, ಆಕೆಗೂ ಅಕ್ಕಪಕ್ಕ ಅಂತ ಇರಲಿ' ಅಂದ. ನಮಗೆ ಯಾಕೆ ಇದು ಹೊಳೀಲಿಲ್ಲ ಅಂತ ನಾಚಿಕೆ ಆಯ್ತು. ನಿಂಗೊಂದು ಹಳದಿ ಹಗ್ಗ ಕಟ್ಟಿದೀವಿ. ಬಾ."

ಕಾಯಿ ಕೈಜಾರಿ ಉರುಳಿತು. ಜೀವಿತಾ ಮುದುಕಿಯ ಹೆಗಲಿಗೆ ಮುಖ ಒತ್ತಿ ಅತ್ತಳು. ಚಿಕ್ಕಗೌರಮ್ಮ ಬೆನ್ನು ಸವರಿದಳು.

ಏರಿಯ ಮೇಲೆ ಮೂರು ತಾಲ್ಲೂಕು ಖಾಲಿಯಾಗಿ ಬಂದು ನಿಂತಿತ್ತು. ಜೀವಿತಾ ಹಳದಿ ಹಗ್ಗ ಹಿಡಿದ ಮೇಲೆ ತೋಂಟದಾರ್ಯನವರಿಗೆ ಹೊಳೆಯಿತು, ಹದಿಮೂರು ಜನಕ್ಕೆ ಜಡೆ ಕೂಡುವುದಿಲ್ಲ. ಎರಡೂ ಕಡೆ ಸಮ ಇರಬೇಕಲ್ಲ.

"ಹಾಗಾದರೆ ನಾನು ಹೊರಗೆ..." ಜೀವಿತಾ ಹಗ್ಗ ಬಿಡಲು ಹೋದಳು. ಹಳೆಯ ಅಭ್ಯಾಸ.

ದ್ರಾಕ್ಷಾಯಣಮ್ಮ ಅವಳ ಮುಂಗೈ ಬಿಗಿಯಾಗಿ ಹಿಡಿದು, ಜನರ ನಡುವೆ ತಲೆ ತಗ್ಗಿಸಿ ನಿಂತಿದ್ದ ಮೋಕ್ಷಿತ್‌ನನ್ನು ಕರೆದಳು. "ಬಾಪ್ಪ ಇಲ್ಲಿ. ಇನ್ನೊಂದು ಹಗ್ಗ ಕಟ್ತಾರೆ."

ನನಗೆ ಬರಲ್ಲ ಎಂದ ಅವನು.

"ತಿಂಗಳಿಂದ ನೋಡ್ತಿದೀಯಲ್ಲ. ಹಕ್ಕಿ ಮಾತ್ರ ನೋಡ್ತಿದ್ದೆ ಅಂತ ಯಾರಿಗೆ ಹೇಳ್ತೀಯ?"

ಜನರ ನಗೆಗೆ ನೀರಿನ ಮೇಲೆ ಅಲೆ ಎದ್ದಿತು.

ಕೋಲಾಟ ಶುರುವಾಯಿತು. ಪೀಪಿ ಇಲ್ಲ, ಕೂಗಿಲ್ಲ. ಎದುರಿಗೆ ಬಂದ ಮುಖ, ಅದರ ಕಣ್ಣು, ಅದು ಸರಿಯುವ ದಿಕ್ಕು. ಅಷ್ಟೇ. ತಾನು ಯಾರನ್ನೂ ಹೊತ್ತಿಲ್ಲ ಎಂಬುದು ಮೊದಲ ಸುತ್ತಿನಲ್ಲೇ ಜೀವಿತಾಳ ಕಾಲುಗಳಿಗೆ ತಿಳಿಯಿತು. ಎಷ್ಟು ಹಗುರ...

ಎದುರಿನಿಂದ ಮೋಕ್ಷಿತ್ ಬಂದ.

"ನಾನು ಅರ್ಧ ಕೇಳಿದ್ದೆ. ತಪ್ಪಾಯ್ತು," ಎಂದು ಅವನ ಬಲಕ್ಕೆ ನುಸುಳಿದಳು.

ಮತ್ತೆ ಎದುರಾದಾಗ ಅವನು, "ನಾನು ಕಛ್‌ಗೆ ಹೋಗ್ತಿಲ್ಲ. ಬೇರೆಯವರು ಹೋಗ್ತಾರೆ."

ಇನ್ನೊಂದು ಸಲ ಅವಳು, "ಯಾಕೆ?"

"ನಿಮ್ಮನ್ನ..." ಎಂದ. ನಿಲ್ಲುವಂತಿಲ್ಲ, ನಿಂತರೆ ಗಂಟು. ಉಳಿದ ಮಾತು ಅವಳ ಹಿಂದೆಯೇ ಬಂದ ಚಿಕ್ಕಗೌರಮ್ಮನ ಮುಖದ ಮುಂದೆ ಉದುರಿತು. "...ಬಿಟ್ಟಿರೋಕಾಗಲ್ಲ."

"ನನ್ನನ್ನಾ? ತಡವಾಯ್ತು ಕಣಪ್ಪ, ಮೊಮ್ಮಕ್ಕಳಿದಾವೆ."

ಆದರೂ ಮುದುಕಿ ಮಾತನ್ನು ಕೆಳಗೆ ಬೀಳಗೊಡಲಿಲ್ಲ. ಎದುರು ಬಂದ ನಿರ್ಮಲಾಳ ಕಿವಿಗೆ ಹಾಕಿದಳು. ನಿರ್ಮಲಾ ಮುಂದೆ ಎದುರಾದವಳಿಗೆ, ಅವಳು ಇನ್ನೊಬ್ಬಳಿಗೆ... ಯಾರೂ ಕೂಗಲಿಲ್ಲ, ಯಾರ ಹೆಜ್ಜೆಯೂ ತಪ್ಪಲಿಲ್ಲ. ಅರ್ಧ ಸುತ್ತು ಮುಗಿಯುವುದರಲ್ಲಿ ಹಿಂಡಿಗೆ ಹಿಂಡೇ ನಗುತ್ತಿತ್ತು. ಜೀವಿತಾಳ ಎಡಕ್ಕೆ ನುಸುಳುತ್ತಾ ನಿರ್ಮಲಾ ಪಿಸುಗುಟ್ಟಿದಳು: "ನಿನ್ನನ್ನ ಬಿಟ್ಟಿರೋಕಾಗಲ್ವಂತೆ ಕಣೇ. ಏನು ಹೇಳ್ಲಿ?"

"ಏನೂ ಬೇಡ. ಉತ್ತರಾನ ಮಾತ್ರ ಯಾರ ಕೈಲೂ ಕಳಿಸಲ್ಲ."

ಅವನು ಬಂದ, ಕಣ್ಣಲ್ಲೇ ಕೇಳಿದ. "ಜಡೆ ಬಿಚ್ಚಲಿ, ಇರಿ," ಎಂದು ಸರಿದುಹೋದಳು. ಪಾಪ, ಆ ಬಿಚ್ಚುವ ಸುತ್ತುಗಳಲ್ಲಿ ಅವನಿಗೆ ನಾಲ್ಕು ವರ್ಷ ವಯಸ್ಸಾಯಿತು.

ಕೊನೆಯ ಎಳೆಯೂ ಬಿಡಿಸಿಕೊಂಡಿತು. ಗಂಟಿಲ್ಲ! ಏರಿ ಅದುರುವ ಹಾಗೆ ಚಪ್ಪಾಳೆ. ತೋಂಟದಾರ್ಯನವರು ಪೇಟ ಸರಿಮಾಡಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡರು. ಹೆಂಗಸರು ಹಗ್ಗ ಬಿಟ್ಟು, ಬೇಕೆಂದೇ, ಬಾಗಿನದ ಕಡೆ ನಡೆದರು. ಮರದ ಕೆಳಗೆ ಉಳಿದವರು ಇಬ್ಬರು.

"ನನಗೆ ಸುಮ್ಮನಿರೋಕೆ ಬರಲ್ಲ," ಎಂದಳು ಜೀವಿತಾ. "ಎಲ್ಲದಕ್ಕೂ ಕೂಗಾಡ್ತೀನಿ."

"ಪಕ್ಕದಲ್ಲೇ ಇದ್ದರೆ ಕೂಗೋ ಅಗತ್ಯ ಇರಲ್ಲ."

"ನಾನು ಅತ್ತರೆ?"

"ನನಗೆ ಗೊತ್ತಾಗುತ್ತೆ."

ಜೀವಿತಾ ಕೇಳಿಸಿಯೂ ಕೇಳಿಸದ ಹಾಗೆ ಅಂದಳು, "ಹಾಗಾದರೆ ಇಲ್ಲೇ ಇರಿ. ನನ್ನ ಹತ್ತಿರ."

"ಎಷ್ಟು ಹತ್ತಿರ?"

"ರೆಕ್ಕೆಗೆ ರೆಕ್ಕೆ ತಾಗದಷ್ಟು..." ಎಂದವಳು ಒಂದು ಹೆಜ್ಜೆ ಮುಂದೆ ಬಂದು, ಅವನ ಬೆರಳಿಗೆ ಬೆರಳು ಸೇರಿಸಿ ಮಾತು ಮುಗಿಸಿದಳು:

"ತಾಗಿದರೆ ತಾಗ್ಲಿ ಬುಡಿ."