ಮಲಗಿಕೊಂಡು ಹೋಗುವ ಗಾಡಿ

"ಸೋಮವಾರ ಮೊದಲು ಮಂಚ ಬಿಚ್ಚೋಣ ಕನ್ನಪ್ಪಣ್ಣ. ಆಮೇಲೆ ಸಿಂಕು, ಒಲೆ, ಕಪಾಟು," ಅಂದ ಅಪ್ಪ.

"ಎಲ್ಲಾನೂ ಬಿಚ್ಚೋದಾ?"

"ಎಲ್ಲಾನೂ. ಹೊಸನಗರದ ಸ್ಕೂಲಿನವರು ಕೇಳಿದಾರೆ. ಸಾಲಾಗಿ ಸೀಟ್ ಹಾಕಿಕೊಟ್ರೆ ಸ್ಕೂಲ್ ವ್ಯಾನ್ ಆಗ್ತದೆ."

ಗಾಡಿಯೊಳಗೆ ಅದೇ ಮಂಚದ ಮೇಲೆ ಬೋರಲಾಗಿ ಮಲಗಿ ಬಿಂದುಶ್ರೀ ಲೆಕ್ಕದ ಹೋಂವರ್ಕ್ ಮಾಡುತ್ತಿದ್ದಳು. ಅವಳ ಪೆನ್ಸಿಲ್ ಅಲ್ಲೇ ನಿಂತುಹೋಯಿತು.

ಬಿಂದುವಿನ ಅಪ್ಪ ಕುಮಾರನದು ಸಾಗರದಲ್ಲೊಂದು ಶೆಡ್ಡು. ಖಾಲಿ ವ್ಯಾನಿನೊಳಗೆ ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ ಅದನ್ನೊಂದು ಪುಟ್ಟ ಮನೆ ಮಾಡಿಕೊಡುವುದು ಅಪ್ಪನ ಕೆಲಸ. ಮರದ ಕೆಲಸವೆಲ್ಲ ಕನ್ನಪ್ಪಣ್ಣನದು. ಇಂಥ ಗಾಡಿಗೆ ಕ್ಯಾಂಪರ್ ವ್ಯಾನ್ ಅಂತಾರೆ. ಕೊರೊನಾ ಮುಗಿದ ಹೊಸದರಲ್ಲಿ ಜನ ಲಾಡ್ಜಿಗೆ ಹೋಗಲು ಹೆದರುತ್ತಿದ್ದರು. ಆಗ ಶೆಡ್ಡಿನ ತುಂಬಾ ಕೆಲಸ.

ಆಮೇಲೆ ಹೆದರಿಕೆ ಹೋಯಿತು. ವ್ಯಾಪಾರಗಳೂ ಇಳಿದವು, ಟೂರು ಅಂತ ಖರ್ಚು ಮಾಡುವವರು ಕಡಿಮೆಯಾದರು. ದೂರದ ಊರಿನ ಟ್ರಾವೆಲ್ಸ್‌ನವರು ಈ ಗಾಡಿಗೆ ಆರ್ಡರ್ ಕೊಟ್ಟು, ಪೂರ್ತಿ ಆದಮೇಲೆ ಬೇಡ ಅಂದುಬಿಟ್ಟರು. ಅಂದಿನಿಂದ ಅದು ಶೆಡ್ಡಿನ ಪಕ್ಕದಲ್ಲೇ ನಿಂತಿತ್ತು. ನಿಧಾನವಾಗಿ ಅದು ಬಿಂದುವಿನ ರೂಮಾಯಿತು. ಕಪಾಟಿನಲ್ಲಿ ಅವಳ ಕತೆಪುಸ್ತಕ, ಕಲರ್ ಪೆನ್ಸಿಲ್. ಗೋಡೆಗೆ ಅವಳು ಅಂಟಿಸಿದ ಮೀನುಗಳ ಸ್ಟಿಕ್ಕರ್.

ರಾತ್ರಿ ಊಟಕ್ಕೆ ಕೂತಾಗ ಬಿಂದು ಅನ್ನವನ್ನು ತಟ್ಟೆಯಲ್ಲೇ ಆಚೀಚೆ ತಳ್ಳುತ್ತಿದ್ದಳು.

"ಎಂತಾಯ್ತು?" ಅಮ್ಮ ಪ್ರತಿಮಾ ಕೇಳಿದಳು.

"ನೀವಿಬ್ರೂ ಒಂದ್ ಸಲನಾದ್ರೂ ಆ ಗಾಡೀಲಿ ಟೂರ್ ಹೋಗಿದೀರಾ?" ಬಿಂದು ತಟ್ಟೆ ನೋಡುತ್ತಲೇ ಕೇಳಿದಳು. "ಊರೋರಿಗೆಲ್ಲ ಗಾಡಿ ಮಾಡಿಕೊಟ್ರಿ. ನಾವು ಮಾತ್ರ ಎಲ್ಲಿಗೂ ಹೋಗಿಲ್ಲ. ಈಗ ಬಿಚ್ಚಿಹಾಕ್ತಿದೀರಿ."

ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ಅಪ್ಪನ ಮುಖ ನೋಡಿದಳು.

"ಅದು ಹೌದಲ್ಲ," ಅಂದ ಅಪ್ಪ.

ಭಾನುವಾರ ಬೆಳಿಗ್ಗೆಯೇ ಮೂವರೂ ಹೊರಟರು. ಹೊಸನಗರ, ನಗರ ದಾಟಿ, ಹುಲಿಕಲ್ ಘಾಟಿ ಇಳಿದು ಸಮುದ್ರ ಮುಟ್ಟಿದರು. ಅಮ್ಮ ಗಾಡಿಯ ಒಲೆಯಲ್ಲೇ ಉಪ್ಪಿಟ್ಟು ಮಾಡಿದಳು. ಹಿಂದಿನ ಬಾಗಿಲು ತೆರೆದು, ಕಾಲು ಇಳಿಬಿಟ್ಟು ಕೂತು ಮೂವರೂ ಅಲೆ ನೋಡುತ್ತಾ ತಿಂದರು. ಅಪ್ಪ ಮರಳಿನ ಮೇಲೆ ಟವೆಲ್ ಹಾಸಿ ನಿದ್ದೆ ಮಾಡಿಬಿಟ್ಟ. ಅವನು ಹಗಲಿನಲ್ಲಿ ಮಲಗಿದ್ದನ್ನು ಬಿಂದು ನೋಡಿದ್ದೇ ಇಲ್ಲ.

ವಾಪಸ್ ಬರುವಾಗ ಘಾಟಿಯ ತಿರುವಿನಲ್ಲೊಂದು ಲಾರಿ ಕೆಟ್ಟು ಅಡ್ಡ ನಿಂತಿತ್ತು. ಹಿಂದೆ ಮುಂದೆ ಗಾಡಿಗಳ ಸಾಲು. ಅಪ್ಪ ಇಳಿದು ಹೋಗಿ ನೋಡಿಕೊಂಡು ಬಂದ.

"ಕ್ರೇನ್ ಬರಬೇಕಂತೆ. ಸುಮಾರು ಹೊತ್ತಾಗ್ತದೆ."

ಬಿಂದುವಿಗೆ ಖುಷಿಯೇ ಆಯಿತು. ಗಾಡಿಯಲ್ಲಿ ಇನ್ನಷ್ಟು ಹೊತ್ತು ಇರಬಹುದು. ಮಂಚದ ಮೇಲೆ ಮಲಗಿ ಹಿಂದಿನ ಕಿಟಕಿಯ ಪರದೆ ಸರಿಸಿದಳು.

ಹಿಂದೆ ನಿಂತಿದ್ದ ಕಾರಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಕೂತಿದ್ದರು ಅನ್ನುವುದಕ್ಕಿಂತ ಒಂದು ಕಡೆಗೆ ವಾಲಿದ್ದರು. ಸ್ವಲ್ಪ ಹೊತ್ತು ಆ ಕಡೆ ವಾಲುತ್ತಿದ್ದರು, ಸ್ವಲ್ಪ ಹೊತ್ತು ಈ ಕಡೆ. ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಅವರ ಮಗನಿರಬೇಕು, ಒಬ್ಬರು ಬಾಗಿಲ ಹತ್ತಿರ ನಿಂತು ಪುಸ್ತಕದಿಂದ ಗಾಳಿ ಬೀಸುತ್ತಿದ್ದರು.

ಬಿಂದು ಪರದೆ ಎಳೆದಳು.

ಕತೆಪುಸ್ತಕ ತೆಗೆದು ಓದಲು ನೋಡಿದಳು. ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಳು. ಇವತ್ತೊಂದೇ ದಿನ ಈ ಮಂಚ ತನ್ನದು. ನಾಳೆ ಇರುವುದಿಲ್ಲ. ಮತ್ತೆ ಪರದೆ ಸರಿಸಿದಳು. ಅಜ್ಜಿ ಇನ್ನೂ ಹಾಗೇ ಸೀಟು ಹಿಡಿದುಕೊಂಡಿದ್ದರು.

"ಅಮ್ಮಾ, ಹಿಂದಿನ ಕಾರಲ್ಲಿ ಒಬ್ರು ಅಜ್ಜಿ ಇದಾರೆ. ಕೂರಕ್ಕೆ ಆಗ್ತಿಲ್ಲ ಅವ್ರಿಗೆ."

"ಹೌದಾ?" ಅಮ್ಮ ಎದ್ದು ನೋಡಿದಳು. ಆಮೇಲೆ ಮಂಚದ ಕಡೆ ನೋಡಿದಳು.

"ಕೇಳ್ಕೊಂಡ್ ಬರ್ಲಾ?" ಅಂದಳು ಬಿಂದು.

ಕಾರಿನವರ ಹೆಸರು ಗಜಾನನ. ಅವರ ಅಮ್ಮ ಗಂಗಜ್ಜಿ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಮಣಿಪಾಲದ ಆಸ್ಪತ್ರೆಯಲ್ಲಿ ಹಿಂದಿನ ದಿನ ಚೆಕಪ್ ಮುಗಿಸಿ ಸಾಗರದ ಹತ್ತಿರದ ಮನೆಗೆ ವಾಪಸ್ ಹೊರಟಿದ್ದರು.

"ನಮ್ ಗಾಡೀಲಿ ಮಂಚ ಇದೆ. ಅಜ್ಜಿ ಮಲಗಬಹುದು," ಅಂದಳು ಬಿಂದು.

ಗಜಾನನರು ಅವಳನ್ನೂ ಗಾಡಿಯನ್ನೂ ನೋಡಿದರು. ನಂಬಿಕೆ ಬಂದಂತೆ ಕಾಣಲಿಲ್ಲ. ಅಷ್ಟರಲ್ಲಿ ಅಪ್ಪ ಬಂದು ಹಿಂದಿನ ಬಾಗಿಲು ತೆಗೆದು ಮಂಚ ತೋರಿಸಿದ. ಗಾಡಿಯ ಮೆಟ್ಟಿಲು ಎತ್ತರ ಇತ್ತು. ಇಬ್ಬರೂ ಸೇರಿ ಅಜ್ಜಿಯನ್ನು ಮಗುವಿನ ಹಾಗೆ ಎತ್ತಿ ಒಳಗೆ ತಂದರು. ಬಿಂದು ತನ್ನ ಪುಸ್ತಕಗಳನ್ನೆಲ್ಲ ಬಾಚಿ ಕೆಳಗಿಟ್ಟು ದಿಂಬು ಸರಿಮಾಡಿದಳು.

ಮಲಗಿದ ಮೇಲೆ ನಿಧಾನವಾಗಿ ಅಜ್ಜಿಯ ಮುಷ್ಟಿ ಸಡಿಲವಾಯಿತು. ಅಮ್ಮ ಒಲೆ ಹಚ್ಚಿ ಚಾ ಮಾಡಿ ಕೊಟ್ಟಳು.

"ನಿನ್ನ ಹೆಸರೆಂತ ಕೂಸೆ?" ಅಂತ ಆಗ ಅಜ್ಜಿ ಕೇಳಿದರು.

"ಬಿಂದುಶ್ರೀ."

"ಈ ಕಿಟಕಿ ಇಷ್ಟು ಕೆಳಗೆ ಇದ್ದಲೆ. ಮಲಗಿದಲ್ಲೇ ಮರ ಕಾಣ್ತು."

"ಅಪ್ಪ ಮೊದ್ಲು ಮೇಲೆ ಇಟ್ಟಿದ್ರು. ನಾನು ಮಲಗಿ ನೋಡಿ, ಇಲ್ಲಿಂದ ಏನೂ ಕಾಣಲ್ಲ ಅಂದೆ. ಆಮೇಲೆ ಕೆಳಗೆ ಮಾಡಿದ್ರು."

"ನೀನು ಚೊಲೊ ಮಾಡಿದ್ದೆ," ಅಂದರು ಅಜ್ಜಿ. "ಬಿದ್ದಾಗಿಂದ ಸೂರು ಒಂದು ಬಿಟ್ರೆ ನಾ ಬೇರೆ ಎಂತದೂ ನೋಡಿದ್ನಿಲ್ಲೆ."

ಅವರು ಕಿಟಕಿಯ ಕಡೆ ತಿರುಗಿದರು. ಹೊರಗೆ ಒಂದು ಸಿಂಗಳೀಕ ಬಾಲ ಇಳಿಬಿಟ್ಟು ಕೂತಿತ್ತು. ಇಬ್ಬರೂ ಅದನ್ನೇ ನೋಡಿದರು. ರಸ್ತೆ ತೆರೆದು ಗಾಡಿಯೂ ಹಿಂದೆ ಗಜಾನನರ ಕಾರೂ ಹೊರಟಾಗ ಅಜ್ಜಿಗೆ ನಿದ್ದೆ ಹತ್ತಿತ್ತು. ಅಜ್ಜಿ ಜರುಗದ ಹಾಗೆ ಬಿಂದು ಊರು ಬರುವವರೆಗೂ ಮಂಚದ ಅಂಚಿಗೆ ದಿಂಬೊಂದನ್ನು ಒತ್ತಿ ಹಿಡಿದು ಕೂತಿದ್ದಳು.

ಗಂಗಜ್ಜಿಯ ಮನೆ ಮುಟ್ಟಿದ ಮೇಲೆ ಗಜಾನನರು ಅಪ್ಪನನ್ನು ಕೇಳಿದರು. "ಮುಂದಿನ ತಿಂಗಳು ಮತ್ತೆ ಚೆಕಪ್ ಇದೆ. ಆಂಬುಲೆನ್ಸ್ ಅಂದ್ರೆ ಅಮ್ಮ ಹೆದರ್ತಾರೆ. ಈ ಗಾಡಿ ಬಾಡಿಗೆಗೆ ಬರ್ತದಾ?"

"ನಾಳೆ ಇದರ ಮಂಚ ಬಿಚ್ಚೋದಿತ್ತು," ಅಂದ ಅಪ್ಪ. 'ಇದೆ' ಅನ್ನದೆ 'ಇತ್ತು' ಅಂದದ್ದು ಬಿಂದುವಿನ ಕಿವಿಗೆ ಬಿತ್ತು.

ಸೋಮವಾರ ಸ್ಪ್ಯಾನರ್ ಹಿಡಿದು ಬಂದ ಕನ್ನಪ್ಪಣ್ಣನನ್ನು ಅಪ್ಪ ಗಾಡಿಯ ಬಾಗಿಲಲ್ಲೇ ತಡೆದ.

"ಟೂರ್ ಹೋಗೋರಿಗೆ ಅಂತ ಮಾಡಿದ್ವಿ," ಅಂದ. "ಕೂತ್ಕೊಂಡು ಹೋಗಕ್ಕೆ ಆಗದೆ ಮನೇಲೇ ಉಳಿದೋರು ಎಷ್ಟು ಜನ ಇದಾರೋ ಏನೋ. ನಾವು ಯೋಚನೆನೇ ಮಾಡ್ಲಿಲ್ಲ."

"ಹಂಗಾದ್ರೆ ಮೆಟ್ಟಿಲು ತಗ್ಗಿಸ್ಬೇಕು. ವೀಲ್‌ಚೇರ್ ಹತ್ತೋ ಹಾಗೆ ಒಂದು ಹಲಗೆನೂ ಬೇಕು," ಅಂದ ಕನ್ನಪ್ಪಣ್ಣ.

ಅಪ್ಪ ಸ್ಕೂಲಿನವರಿಗೆ ಫೋನ್ ಮಾಡಿದ. ಅವರ ಹಳೇ ಬಸ್ಸನ್ನೇ ರಿಪೇರಿ ಮಾಡಿ ಹೊಸ ಸೀಟ್ ಹಾಕಿಕೊಡುವುದು ಅಂತಾಯಿತು. ಆಮೇಲೆ ಬಿಂದುವನ್ನು ಕರೆದ.

"ಮಗಾ, ಗಾಡಿ ಉಳೀತದೆ. ಆದ್ರೆ ನಿನ್ನ ರೂಮಾಗಿ ಇರಲ್ಲ. ಬೇರೆಯವರು ಮಲಗ್ತಾರೆ. ಹುಷಾರಿಲ್ಲದವರು."

ಸಂಜೆ ಬಿಂದು ಒಬ್ಬಳೇ ಗಾಡಿ ಹತ್ತಿ ಪುಸ್ತಕ, ಪೆನ್ಸಿಲ್ ಎಲ್ಲ ಚೀಲಕ್ಕೆ ತುಂಬಿದಳು. ಔಷಧಿ ಇಡಲು ಕಪಾಟು ಖಾಲಿ ಬೇಕಲ್ಲ. ಮೀನಿನ ಸ್ಟಿಕ್ಕರ್ ಕೀಳಲು ಉಗುರು ಹಾಕಿದವಳು ಮಂಚದ ಮೇಲೆ ಒಮ್ಮೆ ಮಲಗಿ ನೋಡಿದಳು. ಮಲಗಿದವರಿಗೆ ಅವು ಚೆನ್ನಾಗಿ ಕಾಣುತ್ತಿದ್ದವು. ಅವನ್ನು ಹಾಗೇ ಬಿಟ್ಟಳು.

ಸುದ್ದಿ ಒಬ್ಬರಿಂದ ಒಬ್ಬರಿಗೆ ಹೋಯಿತು. ತೀರ್ಥಹಳ್ಳಿಯಿಂದ ಒಂದು ಫೋನ್ ಬಂತು. ಅರಳಸುರಳಿಯ ದುಗ್ಗಮ್ಮ ಎಂಬವರಿಗೆ ಮಂಡಗದ್ದೆ ಪಕ್ಷಿಧಾಮದ ಹಕ್ಕಿಗಳನ್ನು ನೋಡಬೇಕಂತೆ, ಕೂರಲು ಆಗುವುದಿಲ್ಲವಂತೆ. ಅಪ್ಪ ಇಂಥದೇ ಮತ್ತೊಂದು ಗಾಡಿ ಮಾಡುವ ಮಾತಾಡತೊಡಗಿದ.

ಗಂಗಜ್ಜಿಯ ಚೆಕಪ್ಪಿನ ದಿನ ಬಂತು. ಬಿಂದು ಶಾಲೆಯ ಮೈದಾನದಲ್ಲಿ ಪಿ.ಟಿ.ಗೆ ನಿಂತಿದ್ದಳು. ಕಾಂಪೌಂಡಿನ ಆಚೆ ಹೊಸನಗರ ರಸ್ತೆಯಲ್ಲಿ ಬಿಳಿ ಗಾಡಿ ಕಾಣಿಸಿತು.

"ಏ ಬಿಂದು, ನಿಮ್ ಗಾಡಿ ಕಣೇ," ಅಂದಳು ಪಕ್ಕದಲ್ಲಿದ್ದ ಶ್ರೀಗೌರಿ. "ನಿಮ್ಮಪ್ಪ ಯಾವಾಗ್ಲೂ ಇಲ್ಲಿ ಹಾರ್ನ್ ಹೊಡೀತಾರಲ್ಲ, ಇವತ್ತು ಹೊಡೀಲೇ ಇಲ್ಲ."

"ಹೊಡೀಬೇಡ ಅಂತ ನಾನೇ ಹೇಳಿದೀನಿ. ಒಳಗೆ ಮಲಗಿದಾರೆ."

ಶಾಲೆಯ ಗೇಟಿನ ಮುಂದೆ ರಸ್ತೆಗೆ ದೊಡ್ಡ ಹಂಪ್ ಹಾಕಿದ್ದರು. ಗಾಡಿ ಅದರ ಹತ್ತಿರ ಬಂದು ನಿಂತೇಬಿಟ್ಟಂತೆ ನಿಧಾನವಾಯಿತು. ಮುಂದಿನ ಚಕ್ರ ಮೆಲ್ಲಗೆ ಹತ್ತಿ ಇಳಿಯಿತು. ಬಿಂದು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಹಿಂದಿನ ಚಕ್ರವೂ ಇಳಿದ ಮೇಲೆ ಉಸಿರು ಬಿಟ್ಟು, ಡ್ರಿಲ್ಲಿನ ಎಣಿಕೆಗೆ ಎಲ್ಲರ ಜೊತೆ ಕೈ ಮೇಲೆತ್ತಿದಳು.